ಏನಿಲ್ಲ ಬಿಡ್ರಿ

ಸುಮಾ ಮೇಡಮ್ಮಾರೆ, ನಾನು ನಿಮ್ಮಿಂದ ಒಂದು ಮಾತು ಮುಚ್ಚಿಟ್ಟೆ. ಮರೆತದ್ದಲ್ಲ — ಬೇಕೆಂದೇ ಮುಚ್ಚಿಟ್ಟೆ. ನಮ್ಮ ಕೂಲಿ ಹೆಣ್ಣುಮಗಳು ಹಣಮವ್ವನ ಕೈ ಸುಟ್ಟದ್ದು ಅದರಿಂದ. ನಿಮ್ಮ ಕೆಲಸ ಹೋದದ್ದೂ ಅದರಿಂದಲೇ.

ನೀವು ಸಾಫ್ಟ್‌ವೇರ್ ಕಟ್ಟಲು ಶಹಾಪುರದ ನಮ್ಮ ಹತ್ತಿ ಮಿಲ್ಲಿಗೆ ಬಂದಾಗ, ಯಾವ ರಾಶಿ ಮೊದಲು ಯಂತ್ರಕ್ಕೆ ಹೋಗಬೇಕು ಎನ್ನುವುದನ್ನು ಹೇಳುತ್ತಿದ್ದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹತ್ತಿ ಹೊತ್ತು ಹೊತ್ತು ಮೇಸ್ತ್ರಿಯಾದವನು. ಇನ್ನು ಮೇಲೆ ಕಂಪ್ಯೂಟರ್ ಹೇಳುತ್ತದೆ ಎಂದಿದ್ದರು ಸಾವ್ಕಾರರು.

ನಿಮ್ಮ ಚೀಲದಲ್ಲಿ ಎರಡು ದಪ್ಪ ಇಂಗ್ಲಿಷ್ ಪುಸ್ತಕಗಳಿದ್ದವು. ಒಂದು, ನಿರ್ಧಾರ ಹೇಗೆ ಮಾಡಬೇಕು ಎನ್ನುವುದರದ್ದು. ಇನ್ನೊಂದು, ಸಾಫ್ಟ್‌ವೇರ್ ಕಟ್ಟುವ ಮೊದಲು ಕೆಲಸಗಾರನನ್ನು ಏನೇನು ಕೇಳಬೇಕು ಎನ್ನುವುದರದ್ದು. ಮೊದಲನೆಯದರಲ್ಲಿದ್ದಂತೆ ನೀವು ಹಾಳೆಯ ಮೇಲೆ ಮರ ಬರೆದಿರಿ, ಟೊಂಗೆಗೊಂದು ಪ್ರಶ್ನೆ. ತೇವ ಇದೆಯೇ — ಹೌದು, ಇಲ್ಲ. ನಿರ್ಧಾರಕ್ಕೂ ಪುಸ್ತಕ ಬೇಕೇ ಎಂದು ನನಗೆ ಮೇಲೆ ಮೇಲೆ ನಗು. ಒಳಗೆ ಹೆದರಿಕೆ. ನನ್ನ ಇಪ್ಪತ್ತೆಂಟು ವರ್ಷ ಆ ಒಂದು ಹಾಳೆಯ ಮೇಲೆ ಇಳಿದುಬಿಟ್ಟರೆ, ನಾನು ಯಾತಕ್ಕೆ ಬೇಕು?

"ಇಷ್ಟೇನಾ ಮಲ್ಲಪ್ಪನವರೇ? ಇನ್ನೇನಾದ್ರೂ ನೋಡ್ತೀರಾ?" ಎಂದಿರಿ.

"ಏನಿಲ್ಲ ಬಿಡ್ರಿ," ಎಂದೆ.

ಇತ್ತು. ದಿನಾ ಮುಂಜಾನೆ ಪ್ರತಿ ರಾಶಿಯೊಳಗೂ ಹೆಗಲತನಕ ತೋಳು ತೂರಿಸಿ ನೋಡುತ್ತಿದ್ದೆ. ಮೇಲೆ ಒಣಗಿದ ಹತ್ತಿ ಒಳಗೊಳಗೇ ಕಾವು ಹಿಡಿದಿರುತ್ತದೆ. ತೇವ ಅಳೆಯುವ ಯಂತ್ರಕ್ಕೆ ಸಿಗುವುದು ಮೇಲಿನ ಒಂದು ಗೇಣು ಮಾತ್ರ. ಕೈಗೆ ಕಾವು ಹತ್ತಿದರೆ ಆ ರಾಶಿಯ ಮೇಲೆ ಯಾರನ್ನೂ ಹತ್ತಿಸಬಾರದು.

ನಮ್ಮ ಕಡೆ 'ಏನಿಲ್ಲ ಬಿಡ್ರಿ' ಎಂದರೆ ಏನೋ ಇದೆ ಎಂದೇ ಅರ್ಥ. ಕೇಳಿದವರು ಬಿಡುವುದಿಲ್ಲ. "ಹೇಳೋ ಯಪ್ಪಾ, ಎಷ್ಟು ಸೊಕ್ಕು ನಿಂದು" ಎಂದು ಇನ್ನೊಮ್ಮೆ ಕೇಳುತ್ತಾರೆ, ಆಗ ಹೇಳುತ್ತೇವೆ. ಮೊದಲ ಸಲಕ್ಕೆ ಚಹಾ ಕೂಡ ಒಲ್ಲೆ ಎನ್ನುವ ಮಂದಿ ನಾವು. ನೀವು ಮೈಸೂರು ಕಡೆಯವರು. 'ಏನೂ ಇಲ್ಲ' ಎಂದು ಬರೆದುಕೊಂಡಿರಿ. ನಾನು ನಿಮ್ಮ ಪೆನ್ನು ನೋಡುತ್ತ ನಿಂತೆ, ಇನ್ನೊಮ್ಮೆ ಕೇಳಲಿ ಎಂದು —

ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೀವು ಮತ್ತೆ ಎಂಟು ದಿನ ಮಿಲ್ಲಿನಲ್ಲೇ ಇದ್ದಿರಿ.

ಕಂಪ್ಯೂಟರ್ ಬಂದ ಮೇಲೂ ಕದ್ದು ತೋಳು ಹಾಕುತ್ತಿದ್ದೆ. ಎಲ್ಲ ಸರಿ ನಡೆಯಿತು. ಒಮ್ಮೆ ಬೀಗರ ಮನೆಗೆಂದು ಎರಡು ದಿನ ಸೈದಾಪುರಕ್ಕೆ ಹೋದೆ. ಕಂಪ್ಯೂಟರ್ ಮೂರನೇ ರಾಶಿ ತೆಗೆಯಿರಿ ಎಂದಿತಂತೆ. ಹಣಮವ್ವ ರಾಶಿಯ ಮೇಲೆ ಹತ್ತಿ, ಬಗ್ಗಿ, ಎರಡೂ ಕೈಯಿಂದ ಬಗೆದಳಂತೆ. ಗಾಳಿ ಸಿಕ್ಕಿದ್ದೇ ಒಳಗಿದ್ದ ಕೆಂಡ —

ದವಾಖಾನೆಯಲ್ಲಿ ಅವಳ ಎರಡೂ ಕೈಗೆ ಮೊಣಕೈತನಕ ಪಟ್ಟಿ. ನನ್ನನ್ನು ನೋಡಿ ನಕ್ಕಳು. "ನೀ ಇದ್ದಿದ್ರ ಕೈ ಹಾಕಿ ನೋಡ್ತಿದ್ದಿ ಯಣ್ಣ. ಆ ಕಂಪ್ಯೂಟರಿಗಿ ಕೈ ಎಲ್ಲಿ ಅದಾವ?"

ಅಂದೇ ಸಾವ್ಕಾರರು, ನಿಮ್ಮ ಕಂಪನಿಯವರ ಎದುರಿಗೆ, ಕೇಳಿದರು: "ಮಲ್ಲ್ಯಾ, ಆ ಮೇಡಂ ನಿನಗ ಇದೆಲ್ಲಾ ಕೇಳಿದ್ರೋ ಇಲ್ಲೋ?"

"ಕೇಳಿಲ್ರಿ," ಎಂದೆ.

ನೀವು ಬಿಟ್ಟುಹೋದ ಎರಡನೇ ಪುಸ್ತಕ ನನ್ನಲ್ಲೇ ಇದೆ. ಈಚೆಗೆ ಮಗಳ ಕೈಯಲ್ಲಿ ಓದಿಸಿದೆ. "ಕೆಲಸದವರು ಬಾಯಿಲೆ ಹೇಳಲಾರದ್ದು ಅವರ ಕೈ ನೋಡಿ ತಿಳ್ಕೋಬೇಕು ಅಂತ ಅದ ಅಪ್ಪ," ಎಂದಳು. ಆ ಪುಟದ ಅಂಚಿಗೆ ನೀವು ಪೆನ್ಸಿಲ್ಲಿನಲ್ಲಿ ಕನ್ನಡದಲ್ಲೇ ಬರೆದಿದ್ದಿರಿ: 'ಮಲ್ಲಪ್ಪನವರ ಜೊತೆ ಒಂದು ಬೆಳಗ್ಗೆ ನಿಲ್ಲಬೇಕು.' ನಿಂತಿದ್ದರೂ ಅಂದು ನಾನು ತೋಳು ಹಾಕುತ್ತಿರಲಿಲ್ಲವೇನೋ.

ಈಗ ಸಾವ್ಕಾರರ ಅಳಿಯ ರಂಗಂಪೇಟೆಯಲ್ಲಿ ಹೊಸ ಮಿಲ್ಲು ಹಾಕಿದ್ದಾರೆ. ಅದೇ ಸಾಫ್ಟ್‌ವೇರ್, ಅದೇ ಮರ, ನಾನು ಮುಚ್ಚಿಟ್ಟ ಟೊಂಗೆ ಇಲ್ಲದ ಮರ. ಸೋಮವಾರ ಶುರು. ಇಲ್ಲಿ ನಾನಿದ್ದೇನೆ, ಅಲ್ಲಿ ತೋಳು ಹಾಕುವವರು ಯಾರೂ ಇಲ್ಲ. ಒಲೆಯ ಹೊಗೆಗೂ ಬೆಚ್ಚುತ್ತೇನೆ.

ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ. ಅವರೆಲ್ಲರ ಎದುರು ರಾಶಿಯೊಳಗೆ ತೋಳು ಹಾಕಿ ತೋರಿಸುತ್ತೇನೆ. ಸಾವ್ಕಾರರೂ ಬರುತ್ತಾರೆ. ಅವರು ಈಗ ಆ ಹಳೆಯ ಮಾತು ಮತ್ತೆ ಕೇಳುವುದಿಲ್ಲ. ನಾನೇ ಹೇಳಬೇಕು — ಮೇಡಂ ಕೇಳಿದ್ರು ರೀ. ನಾನೇ ಹೇಳಲಿಲ್ಲ.