ಶುಶುನಿಯಾ ಬಂಡೆಯ ಕೆಳಗೆ

ಶಂಕರಲಿಂಗ ಅವರಿಗೆ ಮಗ ಹುಟ್ಟಿದಾಗ ಅವರ ತಲೆಯಲ್ಲಿ ಕಪ್ಪು ಕೂದಲಿಗಿಂತ ಬಿಳಿ ಕೂದಲೇ ಹೆಚ್ಚಾಗಿತ್ತು. ಗದಗದ ಕಡೆಯವರು. ಕೋಲ್ಕತ್ತಾ ಬಂದರಿನಲ್ಲಿ ಗುಮಾಸ್ತರಾಗಿ ಸೇರಿ, ತಂಗಿಯರ ಮದುವೆಗಳನ್ನೆಲ್ಲ ಮುಗಿಸಿ ತಾವು ಮದುವೆಯಾಗುವ ಹೊತ್ತಿಗೆ ನಲವತ್ತು ದಾಟಿತ್ತು. ಸುಮಂತ ಏಳು ತಿಂಗಳಿಗೇ ಹುಟ್ಟಿದ. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಂಗೈಯಷ್ಟು ಜೀವವನ್ನು ಅವರು ಬಾಗಿಲಾಚೆ ನಿಂತೇ ನೋಡಿದ್ದರು.

ಆ ಕೂಸು ಬದುಕಿತು. ಬದುಕಿದ ಮೇಲೆ ಒಂದು ಕಡೆ ಕೂತದ್ದೇ ಇಲ್ಲ. ಖಿದಿರ್‌ಪುರದ ಕ್ವಾರ್ಟರ್ಸಿನಲ್ಲಿ ನೀರಿನ ಪೈಪು ಹಿಡಿದು ಎರಡನೇ ಮಹಡಿಗೆ ಹತ್ತಿದ. ಟ್ರಾಮು ನಿಲ್ಲುವ ಮೊದಲೇ ಜಿಗಿದು ಗಲ್ಲ ಒಡೆದುಕೊಂಡ. ಬೈಯಬೇಕೆಂದು ಶಂಕರಲಿಂಗ ಬಾಯಿ ತೆರೆದರೆ, ಹುಡುಗ ಬಂದು ಅವರ ಹೊಟ್ಟೆಗೆ ತಲೆಯೊತ್ತಿ ನಗುತ್ತಿದ್ದ. ಬೈಗುಳ ಅಲ್ಲಿಗೇ ಮುಗಿಯುತ್ತಿತ್ತು.

ಸುಮಂತನಿಗೆ ಎಂಟು ವರ್ಷವಾದ ಚಳಿಗಾಲದಲ್ಲಿ ಅವರ ಓಣಿಯ ಕ್ಲಬ್ಬಿನವರು ಬಾಂಕುಡಾ ಜಿಲ್ಲೆಯ ಶುಶುನಿಯಾ ಬೆಟ್ಟದಲ್ಲಿ ಮಕ್ಕಳ ಶಿಬಿರ ಇಟ್ಟರು. ಡೇರೆಯಲ್ಲಿ ಮಲಗುವುದು, ಕಾಡು ಸುತ್ತುವುದು, ಹಗ್ಗ ಕಟ್ಟಿಕೊಂಡು ಬಂಡೆ ಏರುವುದು. ಸಣ್ಣ ಮಕ್ಕಳ ಜೊತೆ ಮನೆಯವರೊಬ್ಬರು ಬರಬೇಕಿತ್ತು. ತಾಯಿ ಕೋಕಿಲಾ ಹೋಗುವುದೆಂದಾಗಿತ್ತು. ಆದರೆ ಅವಳಿಗೆ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಅಮೆರಿಕದ ಗಿರಾಕಿಗೆ ಅದೇ ವಾರ ಕೆಲಸ ಮುಗಿಸಿ ಕೊಡಬೇಕಿತ್ತು, ರಜೆ ಸಿಗಲಿಲ್ಲ.

"ರೀ, ನೀವೇ ಹೋಗ್ರಿ. ಅವ ಒಂದು ತಿಂಗಳಿಂದ ಕುಣಿಯಾಕತ್ತಾನ."

"ನನಗ ಮೆಟ್ಟಲಾ ಹತ್ತಿದ್ರ ದಮ್ಮು ಬರ್ತದ. ಅಲ್ಲಿ ಅವನ್ನ ಹಿಡಿಯೋರು ಯಾರು?" ಎಂದರು ಶಂಕರಲಿಂಗ. ಆದರೂ ಮಂಗನ ಟೋಪಿ, ಮಫ್ಲರು ಕಟ್ಟಿಕೊಂಡು ಹೌರಾದಲ್ಲಿ ರೈಲು ಹತ್ತಿದರು.

ಬೆಟ್ಟದ ಬುಡ ತಲುಪಿದ್ದೇ ತಡ, ಸುಮಂತ ಕೈಗೆ ಸಿಗಲಿಲ್ಲ. ಸಾಲ್ ಮರಗಳ ನಡುವೆ ಅವನ ಕೆಂಪು ಸ್ವೆಟರು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. "ಹುಷಾರೋ, ತಮ್ಮಾ!" ಎನ್ನುತ್ತ ಶಂಕರಲಿಂಗ ಆ ಸ್ವೆಟರಿನ ಹಿಂದೆ ಏದುಸಿರು ಬಿಡುತ್ತ ನಡೆದರು. ಉಳಿದ ಮಕ್ಕಳು ಅವರನ್ನು 'ದಾದು' ಎಂದು ಕರೆಯತೊಡಗಿದರು. ಬಂಗಾಳಿಯಲ್ಲಿ ಅಜ್ಜ.

"ದಾದು ನಹೀ, ಅಪ್ಪ ಹೈ," ಎಂದು ಸುಮಂತ ಮೊದಲ ದಿನ ಜಗಳವಾಡಿದ. ಮರುದಿನ ಸುಮ್ಮನಾದ. ಹಾಗೆ ಸುಮ್ಮನಾದದ್ದನ್ನು ಶಂಕರಲಿಂಗ ಗಮನಿಸಿದರು.

ಅದೇ ದಿನ ಬಂಡೆ ಏರುವ ಪಾಠ. ನಿರ್ಮಾಲ್ಯ ಎಂಬ ತರುಣ ಕಲಿಸುವವನು, ಮಕ್ಕಳಿಗೆ ನಿರ್ಮಾಲ್ಯದಾ, ಅಂದರೆ ನಿರ್ಮಾಲ್ಯಣ್ಣ. ಸುಮಂತನ ಸೊಂಟಕ್ಕೆ ಅವನು ಹಗ್ಗ ಬಿಗಿಯುವಾಗ ಶಂಕರಲಿಂಗ ಬಂದು ಆ ಗಂಟನ್ನು ಎಳೆದೆಳೆದು ನೋಡಿದರು. ಮಕ್ಕಳು ನಕ್ಕರು. ಸುಮಂತ ಮುಖ ಕೆಂಪಗೆ ಮಾಡಿಕೊಂಡು, "ಅಪ್ಪಾ, ಪ್ಲೀಸ್!" ಎಂದ.

ಅಳಿಲಿನಂತೆ ಹತ್ತಿದ. ಅರ್ಧ ದಾರಿಯಲ್ಲಿ, ಹೇಳಿಕೊಟ್ಟ ಕಡೆ ಹೋಗುವುದು ಬಿಟ್ಟು ಎಡಕ್ಕೆ ಸರಿದ. ಅಲ್ಲೊಂದು ಬಿರುಕಿನಲ್ಲಿ ಹಕ್ಕಿಯ ಗೂಡು ಕಂಡಿತ್ತಂತೆ. ಹಗ್ಗ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಎರಡೂ ಕೈಯಲ್ಲಿ ಕಲ್ಲನ್ನು ತಬ್ಬಿ ನಿಂತ ಹುಡುಗನ ಕಾಲು ಗಡಗಡ ನಡುಗುವುದು ಕೆಳಗಿನವರಿಗೆಲ್ಲ ಕಂಡಿತು.

"ಸುಮಂತಾ! ಕೆಳಗ ಇಳಿಯೋ! ಗಟ್ಟಿ ಹಿಡಕೋ! ಕೈ ಬಿಡಬ್ಯಾಡ!" ಶಂಕರಲಿಂಗ ಕೂಗಿದರು. ಸುಮಂತ ದನಿ ಬಂದ ಕಡೆ ತಿರುಗಿ ನೋಡಿದ. ಕಾಲು ಜಾರಿತು. ಮತ್ತೆ ಹೇಗೋ ಕಲ್ಲಿಗೆ ಅಂಟಿಕೊಂಡು ಜೋರಾಗಿ ಅಳತೊಡಗಿದ.

ನಿರ್ಮಾಲ್ಯ ಶಂಕರಲಿಂಗರ ತೋಳು ಹಿಡಿದು ಹಿಂದಿಯಲ್ಲಿ, ಮೆಲ್ಲಗೆ ಹೇಳಿದ: "ಕಾಕಾ, ನಿಮ್ಮ ದನಿ ಕೇಳಿದರೆ ಅವನು ಕೆಳಗೆ ನೋಡುತ್ತಾನೆ. ಅವನ ಕಣ್ಣಿಗೆ ಬೀಳದ ಕಡೆ ಹೋಗಿ. ಕರೆದರೂ ಓಗೊಡಬೇಡಿ. ನಾನು ಮೇಲಿನಿಂದ ಅವನ ಹತ್ತಿರ ಇಳಿಯುತ್ತೇನೆ."

ಶಂಕರಲಿಂಗ ಹೋದರು. ಬೇರೆ ಏನು ಮಾಡಲು ಬರುತ್ತಿತ್ತು? ಅಡುಗೆ ಡೇರೆಯ ಹಿಂದೆ, ಬಟಾಣಿ ಸಿಪ್ಪೆಯ ರಾಶಿಯ ಪಕ್ಕದಲ್ಲಿ, ಬೆಟ್ಟಕ್ಕೆ ಬೆನ್ನು ಮಾಡಿ ನಿಂತರು. ಅಷ್ಟರಲ್ಲಿ ಜೇಬಿನ ಮೊಬೈಲು ಹೊಡೆದುಕೊಂಡಿತು. ಕೋಕಿಲಾ.

"ಏನ್ ಮಾಡಾಕತ್ತಾನ್ರಿ?"

"ಆಡಾಕತ್ತಾನ."

"ನಿಮ್ಮ ದನಿ ಯಾಕ ಹಂಗಾಗೇದ?"

"ಥಂಡಿ ಭಾಳ ಅದ," ಎಂದು ಫೋನು ಇಟ್ಟರು.

ಆಗ ಬಂಡೆಯ ಕಡೆಯಿಂದ ಕೂಗು ಬಂತು. "ಅಪ್ಪಾ!"

ಅವರ ಕಾಲು ತಾನಾಗಿ ತಿರುಗಿತು. ನಿಂತರು. "ಅಪ್ಪಾ! ಅಪ್ಪಾ, ಎಲ್ಲಿದ್ದೀ?" ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಹುಡುಗ ಈಗ ಕನ್ನಡದಲ್ಲಿ ಕೂಗುತ್ತಿದ್ದ. ಆ ಗುಂಪಿನಲ್ಲಿ ಅದು ತಿಳಿಯುವುದು ಅವರೊಬ್ಬರಿಗೇ. ಶಂಕರಲಿಂಗ ಮಫ್ಲರಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದರು. ಕಣ್ಣಲ್ಲಿ ನೀರು ಇಳಿಯಿತು. ಮತ್ತೆ ಮತ್ತೆ ಕರೆದು ಹುಡುಗನ ದನಿ ನಿಂತುಹೋಯಿತು. ದನಿ ನಿಂತದ್ದು ಕೂಗಿಗಿಂತ ಕೆಟ್ಟದಾಗಿತ್ತು. ಡೇರೆಯ ಹಗ್ಗ ಹಿಡಿದುಕೊಂಡೇ ನೆಲಕ್ಕೆ ಕೂತರು.

ಕೊನೆಗೆ ಚಪ್ಪಾಳೆ ಕೇಳಿಸಿತು. ಅವರು ಬಿದ್ದೆದ್ದು ಓಡಿದರು. ನಿರ್ಮಾಲ್ಯ ಹುಡುಗನನ್ನು ತನ್ನ ಹಗ್ಗಕ್ಕೆ ಕಟ್ಟಿಕೊಂಡು ಇಳಿಸಿದ್ದ. ಮೊಣಕಾಲು ತರಚಿತ್ತು, ಅಷ್ಟೇ.

"ಎಲ್ಲಿ ಹೋಗಿದ್ದೀ?" ಸುಮಂತ ಕೇಳಿದ.

"ಇಲ್ಲೇ ಇದ್ದೆ, ತಮ್ಮಾ."

"ಮತ್ತ ಯಾಕ ಬರ್ಲಿಲ್ಲ?"

ಶಂಕರಲಿಂಗ ಅವನ ಮೊಣಕಾಲಿನ ಮಣ್ಣು ಒರೆಸಲು ಬಗ್ಗಿದರು. ಹುಡುಗ ಮುಖ ತಿರುಗಿಸಿ ನಿರ್ಮಾಲ್ಯನ ಪಕ್ಕ ಹೋಗಿ ಕೂತ. ಊಟಕ್ಕೂ ಅಲ್ಲೇ ಕೂತ. ಅವರು ತಮ್ಮ ಪಾಲಿನ ಬೆಲ್ಲದ ಸಂದೇಶ್ ಮಿಠಾಯಿ ಒಯ್ದು ಅವನ ತಟ್ಟೆಯಲ್ಲಿಟ್ಟರು. ತಿಂದ, ಆದರೆ ಅವರ ಕಡೆ ನೋಡಲಿಲ್ಲ. ಅಪ್ಪ ಯಾಕೆ ಮರೆಗೆ ಹೋದರೆಂದು ನಿರ್ಮಾಲ್ಯ ವಿವರಿಸುತ್ತಿದ್ದ. ಎಂಟು ವರ್ಷದ ಹುಡುಗನಿಗೆ ಅದರಲ್ಲಿ ಎಷ್ಟು ಹೊಕ್ಕಿತೋ.

ಮಾರನೆಯ ಬೆಳಿಗ್ಗೆ ನೋಡಿದರೆ ಸುಮಂತ ಮತ್ತೆ ಹಗ್ಗದ ಸಾಲಿನಲ್ಲಿ ನಿಂತಿದ್ದಾನೆ! "ಇವತ್ತು ಬ್ಯಾಡೋ," ಎಂದರು ಶಂಕರಲಿಂಗ, ಬೇಡುವ ದನಿಯಲ್ಲಿ. ಹುಡುಗ ಬಗ್ಗಿ ಬೂಟಿನ ದಾರ ಎಳೆದುಕೊಳ್ಳುತ್ತ ಹೇಳಿದ, "ಅಪ್ಪಾ, ಆಜ್ ಜಾನಾ ಮತ್. ಚುಪ್ ಬೈಠ್‌ನಾ."

ಹೋಗಬೇಡ, ಸುಮ್ಮನೆ ಕೂತಿರು. ಅವರು ಹಾಗೇ ಮಾಡಿದರು. ಒಂದು ಕಲ್ಲಿನ ಮೇಲೆ ಕೂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೋಡಿದರು. ಸುಮಂತ ಈ ಸಲ ಎಡಕ್ಕೆ ಸರಿಯಲಿಲ್ಲ. ತುದಿ ಮುಟ್ಟಿ ಕಿರುಚಿದ. ಶಂಕರಲಿಂಗ ಬಾಯಿಯಿಂದ ಕೈ ತೆಗೆದು, ಮಫ್ಲರು ಬಿಚ್ಚಿ ಮೇಲೆತ್ತಿ ಬೀಸಿದರು.

ಅಲ್ಲಿಂದ ಪ್ರತಿ ಚಳಿಗಾಲ ಅದೇ ಬೆಟ್ಟ, ಅವರಿಗೆ ಕೂರಲು ಅದೇ ಕಲ್ಲು. ಹುಡುಗನಿಗೆ ಹನ್ನೆರಡಾದಾಗ ಕ್ಲಬ್ಬಿನವರು, ಇನ್ನು ದೊಡ್ಡವರು ಜೊತೆಗೆ ಬರಬೇಕಿಲ್ಲ ಎಂದರು. ಆ ವರ್ಷ ಶಂಕರಲಿಂಗ ಹೌರಾದ ಪ್ಲಾಟ್‌ಫಾರ್ಮಿನವರೆಗೆ ಹೋದರು. ರೈಲು ಹೊರಟಿತು. ಸುಮಂತ ಬಾಗಿಲಲ್ಲಿ ಒಂದು ಕೈಯಿಂದ ಕಂಬಿ ಹಿಡಿದು, ಹೊರಗೆ ವಾಲಿ, ಇನ್ನೊಂದು ಕೈ ಬೀಸುತ್ತಿದ್ದ.

"ಒಳಗ ಹೋಗೋ! ತಮ್ಮಾ, ಒಳಗ ಹೋಗೋ!" ಎಂದು ಅವರು ರೈಲಿನ ಜೊತೆ ಸ್ವಲ್ಪ ದೂರ ಓಡಿದರು. ಹುಡುಗನಿಗೆ ಕೇಳಿಸಲಿಲ್ಲ. ನಗುತ್ತ ಇನ್ನೂ ಜೋರಾಗಿ ಕೈ ಬೀಸಿದ.