ಏಳು ಹೆಂಗಸರ ಗೋಡೆ

‘ಧ್ವನಿ ಚೆನ್ನಾಗಿದೆ, ಕೋಣೆ ಚೆನ್ನಾಗಿಲ್ಲ’ ಎಂದು ಆಡಿಯೊ ಪುಸ್ತಕದವರು ಬರೆದಾಗ ನನಗೆ ಮೈಯೆಲ್ಲ ಉರಿಯಿತು. ಕೋಣೆಯೇನು ಓದುತ್ತದೆಯೇ? ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ದಿನವೂ ಅಂಕೋಲೆಯಿಂದ ಬಸ್ಸಿನಲ್ಲಿ ಓಡಾಡುವ ನಾನು, ಒಂದು ಕಾದಂಬರಿಯನ್ನು ಓದಿ ರೆಕಾರ್ಡ್ ಮಾಡಿಕೊಡುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮೊದಲ ಅಧ್ಯಾಯವನ್ನು ಮಾದರಿಯಾಗಿ ಕಳಿಸಬೇಕು, ಮೂರೇ ಅವಕಾಶ.

ಆ ಕೆಲಸದ ಮೇಲೆ ನನಗೆ ಹಳೆಯ ಹಟವಿತ್ತು. ಐದನೆಯ ತರಗತಿಯಲ್ಲಿ ಶಾಲೆಯ ಸಭೆಯಲ್ಲಿ ಓದಲು ನಿಂತಾಗ ಮಾಸ್ತರರು, ‘ಮೀನು ಮಾರುವವರ ಗಂಟಲು, ಕೂತ್ಕೋ’ ಎಂದು ನಕ್ಕಿದ್ದರು. ನನ್ನನ್ನು ಹೆತ್ತ ಆಯಿ ಮೀನು ಮಾರುವವಳೇ ಆದದ್ದರಿಂದ ಅದನ್ನು ಅವಳಿಗೆ ಹೇಳಲಾಗಲಿಲ್ಲ. ಅಂದಿನಿಂದ ಯಾರೆದುರೂ ಗಟ್ಟಿಯಾಗಿ ಓದಿರಲಿಲ್ಲ.

ನನ್ನ ಸ್ಟುಡಿಯೊ ಎಂದರೆ ಹಿಂದೆ ಬಲೆ ಇಡುತ್ತಿದ್ದ ಖಾಲಿ ಕೋಣೆ. ಸಿಮೆಂಟಿನ ಗೋಡೆ, ಟೈಲ್ಸಿನ ನೆಲ. ಕೆಮ್ಮಿದರೆ ಎರಡು ಸಲ ಕೇಳುತ್ತಿತ್ತು. ಆಯಿಯ ತಮ್ಮ, ದೋಣಿಗೆ ಹೋಗುವ ನನ್ನ ಮಾವ, ಸಮಸ್ಯೆ ಕೇಳಿ ನಕ್ಕುಬಿಟ್ಟ.

“ಬಂಗಡೆ ಮರಿನೂ ನುಸುಳದ ಬಲೆ ಉಂಟು ನನ್ನ ಹತ್ರ. ನಿನ್ನ ದನಿ ಎಲ್ಲಿಗೆ ಹೋಗ್ತದೆ?”

ನಾನೂ ಹೌದೆಂದೆ. ತಲೆಮಾರುಗಳಿಂದ ಬಲೆ ನಂಬಿ ಬದುಕಿದ ಮನೆಯಲ್ಲಿ ಬಲೆಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನಾಲ್ಕು ಗೋಡೆಗೂ ನಾಲ್ಕು ಪದರ ಬಲೆ ಹೊದಿಸಿದೆವು. ದನಿ ಒಂದಿಷ್ಟೂ ಸಿಕ್ಕಿಬೀಳಲಿಲ್ಲ. ವಾಸನೆಗೆ ಕೇರಿಯ ಬೆಕ್ಕುಗಳೆಲ್ಲ ಬಾಗಿಲ ಬುಡದಲ್ಲಿ ಸೇರಿ, ಕಾದಂಬರಿಯ ನಾಯಕಿ ಅಳುವ ಕಡೆಯಲ್ಲೆಲ್ಲ ಅವೂ ಅತ್ತವು.

ಆಮೇಲೆ ಗೋದಡಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಗೋದಡಿ ನಮ್ಮ ಕೇರಿಯ ಮನೆಮನೆಯಲ್ಲೂ ಇದೆ. ಆಯಿ ಮನೆಗೊಂದರಂತೆ ಕೇಳಿ ತಂದಳು. ಗೋಡೆಗೆ ನೇತುಹಾಕಿದ್ದೇ ತಡ, ಕೋಣೆ ಬಾಯಿ ಮುಚ್ಚಿತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಕೇರಿಯಲ್ಲಿ ಒಂದು ಪದ್ಧತಿಯುಂಟು. ಗೋದಡಿ ಯಾರ ಮನೆಯಲ್ಲೇ ಇರಲಿ, ಒಡತಿಯ ಮನೆಗೆ ನೆಂಟರು ಬಂದರೆ ಆ ಕ್ಷಣವೇ ವಾಪಸ್ಸು. ಅಧ್ಯಾಯದ ನಡುವೆ ಬಾಗಿಲು ಬಡಿಯುತ್ತಿತ್ತು. “ಗಂಡನ ಅಕ್ಕ ಬಂದಾಳೆ ಮಾರಾಯ್ತಿ, ನಮ್ಮದು ತೆಗಿ!” ಎಡಗೋಡೆ ಹೋಯಿತು. ನಾಯಕಿ ಬಾವಿಯೊಳಗೆ ಬಿದ್ದವಳಂತೆ ಮಾತಾಡತೊಡಗಿದಳು. ಎರಡನೆಯ ಮಾದರಿಗೆ ಉತ್ತರ ಬಂತು: ‘ಒಂದೇ ಅಧ್ಯಾಯದಲ್ಲಿ ಮೂರು ಕೋಣೆ ಕೇಳಿಸುತ್ತಿವೆ.’ ಕೇರಿಯಲ್ಲಿ ಯಾರ ಮನೆಗೆ ಯಾವಾಗ ನೆಂಟರು ಬಂದರೆಂದು ನನ್ನ ರೆಕಾರ್ಡಿಂಗ್ ಕೇಳಿಯೇ ಹೇಳಬಹುದಿತ್ತು.

ಕೊನೆಯ ಮಾದರಿ ಕಳಿಸಬೇಕಿದ್ದದ್ದು ಒಂದು ಭಾನುವಾರ. ಮರುದಿನ ಕೇರಿಯಲ್ಲಿ ಮದುವೆ. ಬೆಳಿಗ್ಗೆಯೇ ದಿಬ್ಬಣದ ನೆಂಟರು ಟೆಂಪೊದಲ್ಲಿ ಬಂದಿಳಿದರು. ಮಧ್ಯಾಹ್ನದೊಳಗೆ ಒಂದು ಗೋದಡಿಯೂ ಉಳಿಯಲಿಲ್ಲ. ಬೋಳು ಗೋಡೆ ನೋಡುತ್ತ ಕೂತಾಗ ನನಗೆ ಅಳುವೇ ಬಂತು. ಮಾರ್ಕೆಟ್ಟಿನಿಂದ ಆಗಷ್ಟೇ ಬಂದ ಆಯಿ ಬುಟ್ಟಿ ಇಳಿಸಿದಳು.

“ಗೋದಡಿ ಹೋದ್ರೆ ಹೋತು, ನಾವಿಲ್ವ?”

“ನೀವು ಎಂತ ಮಾಡ್ತೀರಿ?”

“ಮಾರ್ಕೆಟ್ ಖಾಲಿ ಇದ್ದಾಗ ಕೂಗಿದ್ರೆ ದನಿ ತಗಡಿಗೆ ಬಡ್ದು ವಾಪಸ್ ಬತ್ತದೆ. ಜನ ತುಂಬಿದ್ರೆ ಎಲ್ಲಾ ನುಂಗ್ತಾರೆ. ಅದಕ್ಕೇ ಅಲ್ವಾ ನಾವು ಅಷ್ಟು ಕೂಗೂದು?”

ಮೂರು ಗಂಟೆಗೆ ಆಯಿಯನ್ನೂ ಸೇರಿಸಿ ಏಳು ಮಂದಿ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತರು. ಎಲ್ಲರೂ ಮೀನು ಮಾರುವವರು, ಬಸ್ ಸ್ಟ್ಯಾಂಡಿನವರೆಗೆ ಕೇಳುವ ಗಂಟಲುಗಳು. ಬಳೆ ಸದ್ದು ಮಾಡುತ್ತವೆಂದೆ. ಮುತ್ತೈದೆಯರು ಗಾಜಿನ ಬಳೆ ತೆಗೆಯುವ ಮಾತೇ ಇಲ್ಲ. ಕೊನೆಗೆ ಕೈಗಳಿಗೆ ಟವೆಲ್ ಸುತ್ತಿ, ಪೆಟ್ಟು ಮಾಡಿಕೊಂಡವರ ಹಾಗೆ ಮಡಿಲಲ್ಲಿಟ್ಟುಕೊಂಡರು. ಸದ್ದೆಂದು ಫ್ಯಾನೂ ಬಂದ್. ಬೆವರು ಇಳಿಯುತ್ತಿತ್ತು.

ಇವರೆದುರು ಓದುವುದೆಂದರೆ ಶಾಲೆಯ ಸಭೆಯೇ ಮತ್ತೆ ಎದುರು ಬಂದು ಕೂತಂತಾಯಿತು. ಆದರೂ ಓದಿದೆ. ಗಂಡನ ಮನೆ ಬಿಟ್ಟು ಹೊರಟ ಹೆಂಗಸೊಬ್ಬಳು ಬಸ್ಸಿಗೆ ಕಾಯುವ ಅಧ್ಯಾಯ. ಹುಟ್ಟಿದಂದಿನಿಂದ ಒಂದು ನಿಮಿಷವೂ ಸುಮ್ಮನಿರದ ಏಳು ಮಂದಿ ಅರ್ಧ ಗಂಟೆ ಉಸಿರೂ ಜೋರಾಗಿ ಬಿಡಲಿಲ್ಲ. ಬಸ್ಸು ಬಂತು, ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು, ಅಧ್ಯಾಯ ಮುಗಿಯಿತು. ರೆಕಾರ್ಡಿಂಗ್ ನಿಲ್ಲಿಸಿದೆ.

“ಹತ್ತಿದ್ಲಾ ಇಲ್ವಾ?” ಆಯಿ ಕೇಳಿದಳು.

“ಇಷ್ಟೇ ಕಳಿಸೂದು, ಆಯಿ.”

“ಅರ್ಧಕ್ಕೇ ಬಿಡೂಕೆ ಇದೆಂತ ಸೀರಿಯಲ್ಲಾ?” ಏಳೂ ಗಂಟಲು ಒಟ್ಟಿಗೆ ತೆರೆದವು. ಮೈಕ್ ಬಂದ್ ಆಗಿದ್ದದ್ದು ಪುಣ್ಯ.

ಒಂದು ವಾರದ ಮೇಲೆ ಉತ್ತರ ಬಂತು. ಧ್ವನಿಯೂ ಒಪ್ಪಿಗೆ, ಕೋಣೆಯೂ ಒಪ್ಪಿಗೆ. ಒಂದೇ ಷರತ್ತು, ಉಳಿದ ಹತ್ತೊಂಬತ್ತು ಅಧ್ಯಾಯಗಳಲ್ಲೂ ಕೋಣೆ ಹೀಗೇ ಇರಬೇಕು, ಗೋಡೆಯ ಮೇಲಿರುವುದನ್ನು ಅಲುಗಿಸಬಾರದು. ಅದನ್ನು ಆಯಿಗೆ ಓದಿ ಹೇಳಿದೆ. ಆ ಖುಷಿಯಲ್ಲಿ ಬಾಯಿ ಸಡಿಲಾಗಿ, ಮಾಸ್ತರರು ಅಂದ ಮಾತನ್ನೂ ಹೇಳಿಬಿಟ್ಟೆ. ಅವಳಿಗೆ ನೋವಾದೀತೆಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಮಾತು.

ಆಯಿ ಬಂಗಡೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಆ ಮಾಸ್ತರ್ರಾ? ಓಣಿಗೆ ಮೀನು ಬಂತು ಹೇಳಿ ಅವ್ರಿಗೆ ಗೊತ್ತಾಗ್ತಿದ್ದದ್ದೇ ಈ ಗಂಟಲಿಂದ. ಚೀಲ ಹಿಡ್ಕಂಡು ಓಡಿ ಬರ್ತಿದ್ರು.”

ಮುಂದಿನ ಭಾನುವಾರ ಮೂರು ಗಂಟೆಗೆ ನಾನು ಮೈಕ್ ಜೋಡಿಸುತ್ತಿದ್ದೆ. ರಸ್ತೆಯ ಆ ತುದಿಯಿಂದಲೇ ಆಯಿಯ ಕೂಗು ಕೇಳಿಸಿತು.

“ಗೋಡೆ ಬಂತು, ಬಾಗ್ಲು ತೆಗಿಯೇ!”