ಮೀಟರಣ್ಣ ಬರೆದಿಟ್ಟ ನಂಬರು

ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರು ಓದಿದವನನ್ನು ಊರವರು ಮೀಟರಣ್ಣ ಅನ್ನದೆ ಇನ್ನೇನು ಅಂದಾರು? ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕಬ್ಬಿಣದ ಮುಚ್ಚಳ ಎತ್ತಿ, ಮಂಡಿಯೂರಿ, ಗಾಜು ಒರೆಸಿ ಅವನು ಮೊದಲು ಬರೆದುಕೊಳ್ಳುತ್ತಿದ್ದದ್ದು ಮನೆಯ ವಿಳಾಸವನ್ನಲ್ಲ, ಮೀಟರಿನ ಮೈಮೇಲೆ ಕೊರೆದ ನಂಬರನ್ನು. ಮನೆ ಕೈ ಬದಲಾಗುತ್ತದೆ, ಬೀದಿಗೆ ಹೊಸ ಹೆಸರು ಬರುತ್ತದೆ, ಕೆಲವರು ಬಾಗಿಲನ್ನೇ ಕಿತ್ತು ಹಿಂದಿನ ಓಣಿಗೆ ತಿರುಗಿಸುತ್ತಾರೆ. ಆ ನಂಬರು ಮಾತ್ರ ಅಲ್ಲಾಡುವುದಿಲ್ಲ. ಇದನ್ನು ಹೇಳಿ ಹೇಳಿ ಹೊಸದಾಗಿ ಕೆಲಸಕ್ಕೆ ಸೇರಿದವರ ತಲೆ ತಿಂದಿದ್ದ.

ನಿವೃತ್ತನಾದ ಮೇಲೆ ಕೈಕಟ್ಟಿ ಕೂರುವ ಆಸಾಮಿಯಲ್ಲ ಅವನು. ನೀರು ಸರಬರಾಜು ಕಚೇರಿಗೆ ನೂರು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡ. ಕಚೇರಿಯ ಮೇಲಿನ ಪ್ರೀತಿ ಅಂದರು ಎಲ್ಲರೂ. ನಿಜವಾದ ಕಾರಣ ಅವನ ತಾಯಿ.

ತಾಯಿಯ ಅಪ್ಪ ಅದೇ ಕಚೇರಿಯಲ್ಲಿ ನೀರು ಬಿಡುವವನಾಗಿದ್ದ. ಎಪ್ಪತ್ತೈದು ವರ್ಷದ ಹಿಂದೆ ಒಂದು ಮಧ್ಯಾಹ್ನ ಪೇಟೆಗೆ ಬೆಂಕಿ ಬಿತ್ತು. ಕೊಳಾಯಿ ತಿರುಗಿಸಿದರೆ ತೊಟ್ಟು ನೀರಿಲ್ಲ. ಹನ್ನೊಂದು ಅಂಗಡಿಗಳು ಬೂದಿಯಾದವು. ವಾಲ್ವ್ ತೆರೆಯಬೇಕಾದವನು ತಡವಾಗಿ ಬಂದ ಎಂದು ಊರು ಬಾಯಿಗೆ ಬಂದಂತೆ ಆಡಿತು, ಅವನ ಕೆಲಸವೂ ಹೋಯಿತು. ತಡವಾದದ್ದು ಸುಳ್ಳೇನಲ್ಲ. ಅವನ ಆರು ವರ್ಷದ ಮಗಳಿಗೆ ಜ್ವರ ಏರಿತ್ತು, ಅವಳು ಅಪ್ಪನ ಅಂಗಿ ಹಿಡಿದುಕೊಂಡು ಬಿಟ್ಟಿರಲಿಲ್ಲ. ಆ ಮಗಳೇ ಮೀಟರಣ್ಣನ ತಾಯಿ. ತಾನು ಅಂಗಿ ಬಿಟ್ಟಿದ್ದರೆ ಪೇಟೆ ಉಳಿಯುತ್ತಿತ್ತು, ಅಪ್ಪನ ಮಾನ ಉಳಿಯುತ್ತಿತ್ತು ಎಂಬ ಕೊರಗು ಎಂಬತ್ತೊಂದು ತುಂಬಿದರೂ ಆಕೆಯನ್ನು ಬಿಟ್ಟಿರಲಿಲ್ಲ. ಮಗನಿಗೆ ಅದನ್ನು ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ. ಅವನು ಮರೆತಿರಲಿಲ್ಲ.

ಮೂರು ತಿಂಗಳು ಅವನು ಮಗಳ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತು ಪತ್ರಾಗಾರದ ವೆಬ್‌ಸೈಟನ್ನು ಜಾಲಾಡಿದ. ಹಳೆಯ ಕಡತಗಳ ಫೋಟೊ ತೆಗೆದು, ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಇಟ್ಟಿದ್ದ ಜಾಗ ಅದು. ಕೊನೆಗೂ ಬೆಂಕಿಯ ವಿಚಾರಣೆಯ ವರದಿ ಕಣ್ಣಿಗೆ ಬಿತ್ತು. ನೌಕರ ಹತ್ತು ನಿಮಿಷ ತಡವಾಗಿ ಬಂದದ್ದು ಹೌದು ಎಂದಿತ್ತು. ಆದರೆ ಪಂಪು ಕೆಟ್ಟು ಎರಡು ದಿನವಾಗಿತ್ತು, ಬೆಳಗಿನಿಂದಲೇ ಟ್ಯಾಂಕು ಬರಿದಾಗಿತ್ತು, ಅವನು ಮೊದಲೇ ಬಂದಿದ್ದರೂ ನೀರು ಬರುತ್ತಿರಲಿಲ್ಲ ಎಂದೂ ಇತ್ತು. ಆ ವರದಿಯನ್ನು ಊರಿಗೆ ಓದಿ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೀಟರಣ್ಣ ಕಣ್ಣೊರೆಸಿಕೊಂಡು ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆದ. ತಾತನ ತಡವನ್ನು ಮುಚ್ಚಿಡಲಿಲ್ಲ. ಅಮ್ಮನಿಗೆ ಮಾತ್ರ ಆಗಲೇ ಹೇಳಲಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡಾಳು, ಅಚ್ಚಾದ ಮೇಲೆ ಓದಿ ಹೇಳೋಣ ಎಂದುಕೊಂಡ.

ಟೈಪು ಮಾಡಿದವಳು ಮಗಳು. ಅಪ್ಪ ಪ್ರತಿ ಪುಟದ ಅಡಿಗೂ ಗೀಚಿದ್ದ ಉದ್ದುದ್ದ ನಂಬರುಗಳನ್ನು ನೋಡಿ, ಇದನ್ನೆಲ್ಲ ಯಾರು ಓದುತ್ತಾರೆ ಎಂದು ತೆಗೆದು, ಆ ಜಾಗದಲ್ಲಿ ಚೊಕ್ಕವಾಗಿ ವೆಬ್ ವಿಳಾಸ ಹಾಕಿದಳು. ಊರಿಗೆಲ್ಲ ಬುದ್ಧಿ ಹೇಳಿದವನು ಮಗಳ ಮುಂದೆ ಬಾಯಿ ಮುಚ್ಚಿಕೊಂಡ. ಓದಿದವಳು, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡ.

ಅಚ್ಚಿಗೆ ಹೋಗುವ ಮುನ್ನ ಪುಟಗಳನ್ನು ನೋಡುವ ಹೊಣೆ ಊರಿನ ನಿವೃತ್ತ ಹೆಡ್‌ಮಾಸ್ಟರದು. ಅವರು ಒಂದೊಂದೇ ವಿಳಾಸವನ್ನು ತೆರೆದು ನೋಡುವ ಜಾತಿಯ ಮನುಷ್ಯ. ಮೀಟರಣ್ಣನನ್ನು ಮನೆಗೇ ಕರೆಸಿದರು.

"ನೋಡಪ್ಪಾ, ನೀನು ಕೊಟ್ಟ ವಿಳಾಸದಲ್ಲಿ ಏನೂ ಇಲ್ಲ. ಅದೂ ನಿನ್ನ ತಾತನ ವಿಷಯ. ಕಟ್ಟುಕಥೆ ಅಂತಾರೆ ಜನ. ನಾಳೆ ಸಂಜೆಯೊಳಗೆ ತೋರಿಸು, ಇಲ್ಲಾಂದ್ರೆ ಆ ಅಧ್ಯಾಯ ತೆಗೀಬೇಕಾಗುತ್ತೆ."

ಮೀಟರಣ್ಣ ಪುಟಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಮನೆಗೆ ಬಂದು ಮಗಳ ಕೈಯಲ್ಲಿ ತೆರೆಸಿದರೆ, ಈ ಪುಟ ಇಲ್ಲ ಎಂಬ ಒಂದೇ ಸಾಲು. ವೆಬ್‌ಸೈಟನ್ನು ಹೊಸದು ಮಾಡಿದ್ದರು, ಹಳೆಯ ವಿಳಾಸಗಳೆಲ್ಲ ಹೋಗಿದ್ದವು. ಬೆಂಕಿ, ಪೇಟೆ, ಟ್ಯಾಂಕು, ಏನು ಹಾಕಿ ಹುಡುಕಿದರೂ ಸಿಗಲಿಲ್ಲ. ಒಂದು ಪ್ರತಿ ಇಳಿಸಿಟ್ಟುಕೊಳ್ಳಬೇಕಿತ್ತು, ಅದೂ ಹೊಳೆದಿರಲಿಲ್ಲ. ಅಲ್ಲೇ ಇರುತ್ತದಲ್ಲ, ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಿದ್ದ. ಒಳಕೋಣೆಯಲ್ಲಿ ಅಮ್ಮ ಕೆಮ್ಮುವುದು ಕೇಳಿಸಿತು.

ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು: "ಅಪ್ಪಾ, ನಾನು ತೆಗೆದು ಹಾಕಿದ ನಂಬರ್ ಏನದು?"

ಮೀಟರಣ್ಣ ತಟ್ಟನೆ ಎದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಚೀಲಕ್ಕೆ ಕೈಹಾಕಿದ. ಹೊರಗೆ ಬಂದದ್ದು ಮೀಟರು ಬರೆಯುತ್ತಿದ್ದಂಥದೇ ಉದ್ದನೆಯ ಪುಸ್ತಕ, ನೋಡಿದ ಕಡತಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದ. ಕೈಗೆ ಅಂಟಿದ ಚಾಳಿ ಬಿಡುತ್ತದೆಯೇ? ಮೊದಲ ಕಾಲಮಿನಲ್ಲಿ ಕಡತದ ಮೇಲೆ ಮುದ್ರೆಯೊತ್ತಿದ್ದ ನಂಬರು, ಆಮೇಲೆ ಪುಟ, ನೋಡಿದ ತಾರೀಖು, ಎಲ್ಲ ಇತ್ತು. ಬೆಳಗ್ಗೆ ಪತ್ರಾಗಾರಕ್ಕೆ ಫೋನು ಮಾಡಿದ. ಆ ಕಡೆಯ ಹೆಂಗಸು ಉಳಿದ ಕಥೆಯನ್ನೆಲ್ಲ ಪಕ್ಕಕ್ಕೆ ಸರಿಸಿ ನಂಬರು ಹೇಳಿ ಸಾಕು ಅಂದಳು. ಅವನು ಹೇಳಿ ಮುಗಿಸುವಷ್ಟರಲ್ಲಿ ಕಡತ ಸಿಕ್ಕಿತ್ತು. ಹೊಸ ವಿಳಾಸ ಕಳಿಸುತ್ತೇನೆ, ಆದರೆ ಪುಸ್ತಕದಲ್ಲಿ ಪತ್ರಾಗಾರದ ಹೆಸರು, ಕಡತದ ನಂಬರು, ಪುಟ, ನೋಡಿದ ದಿನ ಇಷ್ಟನ್ನೂ ಹಾಕಿ, ವಿಳಾಸ ನಾಳೆ ಮತ್ತೆ ಬದಲಾದೀತು ಎಂದಳು. ತನ್ನದೇ ಪಾಠ ತನಗೇ ವಾಪಸು ಬಂದದ್ದಕ್ಕೆ ಮೀಟರಣ್ಣ ನಕ್ಕುಬಿಟ್ಟ.

ಹೆಡ್‌ಮಾಸ್ಟರು ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಸುಟ್ಟ ಅಂಗಡಿಗಳಲ್ಲಿ ಒಂದು ನಮ್ಮಪ್ಪನದು, ಮನೆಯಲ್ಲಿ ಎಲ್ಲರೂ ನಿನ್ನ ತಾತನನ್ನು ಬೈದವರೇ ಎಂದು ಮೆಲ್ಲಗೆ ಹೇಳಿದರು. ಅಧ್ಯಾಯ ಉಳಿಯಿತು. ಅಡಿಟಿಪ್ಪಣಿಗಳಿಗೆ ಮಗಳೇ ಕೂತು ನಂಬರುಗಳನ್ನು ಮರಳಿ ಸೇರಿಸಿದಳು.

ಪುಸ್ತಕ ಬಂದ ದಿನ ಮೀಟರಣ್ಣ ಅಮ್ಮನ ಮಂಚದ ಪಕ್ಕ ಕೂತು ಓದಿ ಹೇಳಿದ. ಆಕೆ ನಡುವೆ ತಡೆದಳು.

"ಹತ್ತು ನಿಮಿಷ ತಡ ಅಂತ ಬರೆದಿದಾರಾ?"

"ಬರೆದಿದಾರಮ್ಮ."

"ಹಾಗಿದ್ರೆ ನಿಜಾನೇ ಬರೆದಿದಾರೆ. ಮುಂದೆ ಓದು."

ಟ್ಯಾಂಕು ಬರಿದಾಗಿದ್ದ ಸಾಲನ್ನು ಮೂರು ಸಲ ಓದಿಸಿಕೊಂಡಳು. ಬಹಳ ಹೊತ್ತು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದವಳು ಆಮೇಲೆ ಅದನ್ನು ಬಿಟ್ಟಳು.

"ಆ ನಂಬರ್ ನಂಗೊಂದು ಚೀಟೀಲಿ ದಪ್ಪಕ್ಷರದಲ್ಲಿ ಬರ್ಕೊಡಪ್ಪ. ಅಪ್ಪನ ಬಗ್ಗೆ ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ."

ಹಾಗೆ ಕೇಳುವವರು ಈಗ ಯಾರೂ ಉಳಿದಿರಲಿಲ್ಲ. ಮೀಟರಣ್ಣ ಅದನ್ನು ಹೇಳಲು ಹೋಗದೆ ಬರೆದುಕೊಟ್ಟ. ಸಂಜೆಯ ಹೊತ್ತಿಗೆ ಆಕೆಗೆ ನಂಬರು ಬಾಯಿಪಾಠವಾಗಿತ್ತು.